ಬಾಯಿ ನೋಡುವ ಕೈ

ಮಕ್ಕಳ ಡಾಕ್ಟರಿಗೆ ಹೇಸಿಗೆ ಇರಬಾರದು ಎನ್ನುತ್ತಾರೆ. ನನಗೆ ಇದೆ. ವಾಂತಿ, ಭೇದಿ, ಕೀವು, ಸೋರುವ ಕಿವಿ ಎಲ್ಲವೂ ಹೇಗೋ ಅಭ್ಯಾಸವಾದವು. ಬಾಯಿಹುಣ್ಣು ಮಾತ್ರ ಇವತ್ತಿಗೂ ಅಭ್ಯಾಸವಾಗಿಲ್ಲ. ಒಸಡು ಬಾತು ರಕ್ತ ಒಸರುತ್ತಿರುವ, ನಾಲಿಗೆಯ ಮೇಲೆ ಹಳದಿ ಹೊಪ್ಪಳೆ ಕಟ್ಟಿದ, ಗದ್ದದ ತುಂಬ ಜೊಲ್ಲು ಇಳಿಯುತ್ತಿರುವ ಮಗುವಿನ ಬಾಯಿ ತೆರೆದರೆ, ನಾಲ್ಕು ದಿನ ಮರೆತ ಹೂವಿನ ಚೊಂಬಿನ ನೀರಿನ ವಾಸನೆ ಬರುತ್ತದೆ. ನಾನು ಉಸಿರು ಬಿಗಿಹಿಡಿದು ನೋಡುತ್ತೇನೆ. ನಗುತ್ತ ನೋಡುತ್ತೇನೆ ಎಂದು ತಾಯಂದಿರಿಗೆ ಅನ್ನಿಸುತ್ತದೆ, ಅಷ್ಟೇ.

ನಮ್ಮದು ವೈಷ್ಣವರ ಮನೆ. ಅಪ್ಪ ಮಾಸ್ತರು, ಅಜ್ಜ ಗುಡಿಯ ಪೂಜೆಯವರು. ಎಂಜಲು ಎಂದರೆ ಏನು ಎಂಬುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತವಳು. ಲೋಟ ತುಟಿಗೆ ತಾಗಬಾರದು, ಉಂಡ ಕೈ ಹುಳಿಯ ಪಾತ್ರೆಗೆ ತಾಗಬಾರದು, ತಾಗಿದರೆ ಅಮ್ಮ ಇಡೀ ಪಾತ್ರೆಯನ್ನು ದನದ ಬಾನಿಗೆ ಸುರಿಯುತ್ತಿದ್ದಳು. ಅಂಥ ಮನೆಯ ಹುಡುಗಿ ದಿನಕ್ಕೆ ನಲವತ್ತು ಐವತ್ತು ಬಾಯಿಗಳಲ್ಲಿ ಬೆರಳಿಡುವ ಕೆಲಸ ಹಿಡಿದಳು. ಆದರೆ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಸೇಡಂನಲ್ಲಿ ಯಾರೂ ಇರಲಿಲ್ಲ. ಒಂದೊಂದು ಬಾಯಿ ನೋಡಿದ ಮೇಲೂ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುತ್ತಿದ್ದೆ. ನೋಡಿದ ಮೇಲೆ ತೊಳೆಯುತ್ತಿದ್ದೆ, ನೋಡುವ ಮೊದಲಲ್ಲ. ಈ ಮಾತನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಬೇಸಿಗೆ ಶುರುವಾಗುವ ಹೊತ್ತಿಗೆ ಸೇಡಂನ ನನ್ನ ಕ್ಲಿನಿಕ್ಕಿಗೆ ಬ್ಯಾಂಕಿನ ಗುಮಾಸ್ತರೊಬ್ಬರ ಮೂರು ವರ್ಷದ ಮಗ ಬಂದ. ಎರಡು ದಿನದಿಂದ ಸುಡುವ ಜ್ವರ, ಅನ್ನ ಬಿಟ್ಟಿದ್ದಾನೆ. ಬಾಯಿ ನೋಡುವುದಕ್ಕೆ ನನ್ನದೊಂದು ಪದ್ಧತಿ ಇದೆ. ತಾಯಿ ಮತ್ತು ನಾನು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರುತ್ತೇವೆ. ಮಗು ತಾಯಿಯ ಕಡೆ ಮುಖ ಮಾಡಿ ಅವಳ ತೊಡೆಯ ಮೇಲೆ ಕೂತು, ಹಿಂದಕ್ಕೆ ವಾಲಿ ನನ್ನ ತೊಡೆಯ ಮೇಲೆ ತಲೆ ಇಡುತ್ತದೆ. ತಾಯಿ ಕೈಗಳನ್ನು ಹಿಡಿಯುತ್ತಾಳೆ. ನಾನು ಎಡಗೈ ಹೆಬ್ಬೆರಳಿನಿಂದ ಮೇಲಿನ ತುಟಿ ಎತ್ತಿ, ಒಸಡು, ಕೆನ್ನೆಯ ಒಳಭಾಗ, ನಾಲಿಗೆ, ಅಂಗುಳ ಎಂದು ಸುತ್ತು ಬರುತ್ತೇನೆ. ಬಲಗೈಯಲ್ಲಿ ಬ್ಯಾಟರಿ ಮತ್ತು ಒಮ್ಮೆ ಬಳಸಿ ಬಿಸಾಡುವ ಮರದ ಕಡ್ಡಿ. ಗ್ಲೌಸ್ ಹಾಕುತ್ತಿರಲಿಲ್ಲ. ರಬ್ಬರಿನ ವಾಸನೆಗೆ ಮಕ್ಕಳು ಓಕರಿಸುತ್ತವೆ ಎಂಬ ಕಾರಣ ಕೊಡುತ್ತಿದ್ದೆ. ನನ್ನ ಕೈ ಬಲು ಚುರುಕು ಎಂಬ ಜಂಬವೂ ಇತ್ತು.

ಆ ಹುಡುಗನದು ಸಂದೇಹವೇ ಇಲ್ಲದ ಕಾಯಿಲೆ. ಮೊದಲ ಸಲ ಹರ್ಪಿಸ್ ವೈರಸ್ ತಗುಲಿದಾಗ ಸಣ್ಣ ಮಕ್ಕಳಲ್ಲಿ ಹೀಗಾಗುತ್ತದೆ. ಮೊದಲು ಜ್ವರ, ಆಮೇಲೆ ಒಸಡು ಕೆಂಪಗೆ ಬಾತು ಮುಟ್ಟಿದರೆ ರಕ್ತ, ಸಣ್ಣ ಗುಳ್ಳೆಗಳು ಒಡೆದು ಹುಣ್ಣು, ಕುತ್ತಿಗೆಯಲ್ಲಿ ಗಂಟು. ಬಿಳಿ ಮೊಸರು ಮೆತ್ತಿದಂತೆ ಕಾಣುವ ಬೂಸಿನ ಕಾಯಿಲೆ ಬೇರೆ, ಅದಕ್ಕೆ ಇಷ್ಟು ಜ್ವರ ಬರುವುದಿಲ್ಲ. ಹತ್ತು ಹನ್ನೆರಡು ದಿನದಲ್ಲಿ ತಾನೇ ಮಾಯುತ್ತದೆ. ಮೂರು ದಿನದೊಳಗೆ ಬಂದರೆ ವೈರಸ್ಸಿನ ಔಷಧ ಕೊಡಬಹುದು, ಇಲ್ಲದಿದ್ದರೆ ನೋವಿಗೆ ಔಷಧ, ತಣ್ಣನೆಯ ಹಾಲು, ಗಂಜಿ. ಮಗು ನೀರು ಕುಡಿಯುವುದನ್ನು ಬಿಡದಂತೆ ನೋಡಿಕೊಳ್ಳುವುದೇ ದೊಡ್ಡ ಚಿಕಿತ್ಸೆ. ಇದನ್ನೆಲ್ಲ ಗುಮಾಸ್ತರಿಗೆ ವಿವರಿಸುತ್ತಿದ್ದಾಗ ಅವರ ಮಗ ಇನ್ನೂ ಬಾಯಲ್ಲೇ ಇದ್ದ ನನ್ನ ಹೆಬ್ಬೆರಳನ್ನು ಉಗುರಿನ ಪಕ್ಕ ಕಚ್ಚಿದ. ಹಾಲುಹಲ್ಲು, ಆದರೂ ರಕ್ತ ಬಂತು. ಸ್ಪಿರಿಟ್ ಹಚ್ಚಿಕೊಂಡೆ, ಬೈದುಕೊಂಡೆ, ಮೊಣಕೈವರೆಗೆ ತೊಳೆದೆ, ಮರೆತೆ.

ಮಾರನೇ ದಿನವೋ ಅದರಾಚೆ ದಿನವೋ ಕುಕ್ಕರಿನ ಉಗಿ ಅದೇ ಬೆರಳಿಗೆ ತಗುಲಿತು. ಐದಾರು ದಿನಕ್ಕೆ ಬೆರಳು ಬಾತು, ಗುಳ್ಳೆ ಎದ್ದು, ಎದೆಬಡಿತಕ್ಕೆ ಸರಿಯಾಗಿ ಪಟಪಟ ಸಿಡಿಯತೊಡಗಿತು. ಕುಕ್ಕರಿಗೆ ಶಾಪ ಹಾಕಿ ಅಂಟುಪಟ್ಟಿ ಸುತ್ತಿಕೊಂಡೆ. ಕೈ ತೊಳೆತೊಳೆದು ಆ ಪಟ್ಟಿ ಸದಾ ಒದ್ದೆಯಾಗಿ ಅಂಚು ಬಿಟ್ಟುಕೊಳ್ಳುತ್ತಿತ್ತು. ನನ್ನ ಜೊತೆ ಹತ್ತು ವರ್ಷದಿಂದ ಇರುವ ಸಿಸ್ಟರ್ ಒಮ್ಮೆ ಹೇಳಿದಳು:

"ಮೇಡಂ, ಆ ಬೆರಳಿಗಿ ಗ್ಲೌಸ್ ಹಾಕ್ಕೋರಿ. ಪಟ್ಟಿ ಬಿಚ್ಚಾಕತ್ತದ."

"ಕುಕ್ಕರ್ ಸುಟ್ಟದ್ದವ್ವ, ನಾಲ್ಕು ದಿನಕ್ಕ ಹೋಗ್ತದ" ಎಂದೆ. ಅವಳು ಮುಂದಿನ ಮಗುವನ್ನು ಒಳಗೆ ಕರೆದಳು. ನನ್ನ ಜೊತೆ ವಾದ ಮಾಡಿ ಗೆದ್ದವರು ಕಡಿಮೆ ಎಂದು ಅವಳಿಗೆ ಗೊತ್ತು.

ಆಮೇಲೆ ಒಂದು ವಾರಕ್ಕೆ ಕೊಡ್ಲಿಯಿಂದ ಒಬ್ಬ ತಾಯಿ ಹದಿನೇಳು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಳು. ಅಂಗನವಾಡಿಯಲ್ಲಿ ಸಹಾಯಕಿ, ಗಂಡ ಟಂಟಂ ಆಟೊ ಓಡಿಸುತ್ತಾನೆ. ಹಿಂದಿನ ವಾರವಷ್ಟೇ ಇದೇ ಮಗುವಿಗೆ ಕೆಮ್ಮೆಂದು ಬಂದು ಔಷಧ ಒಯ್ದಿದ್ದಳು. ಈಗ ಮಗುವಿನ ಬಾಯಿ ತೆರೆಸಿ ನೋಡಿದೆ. ತುಟಿ ಬಾತು ಹೊರಳಿದೆ, ಒಳಗೆಲ್ಲ ಬೆಳ್ಳಗೆ ಸುಲಿದು ಜೋತ ಪೊರೆ, ಅದರಡಿ ಹಸಿ ಮಾಂಸ.

"ಏನರೆ ಹಚ್ಚೀರೇನು?" ಎಂದು ಕೇಳಿದೆ.

"ಊರಾಗ ಒಬ್ಬಾಕಿ ಅಜ್ಜಿ ಬಾಯಿ ತಿಕ್ತಾಳ್ರಿ. ನಿನ್ನೆ ತಿಕ್ಕಿಸೀನಿ. ಪಟಕ ಹಚ್ಚ್ಯಾಳ."

ಪಟಕ ಎಂದರೆ ಕಟಿಂಗ್ ಅಂಗಡಿಯಲ್ಲಿ ಗಡ್ಡ ಬೋಳಿಸಿದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಆ ಕಲ್ಲು. ಅದನ್ನು ಹುರಿದು ಪುಡಿ ಮಾಡಿ, ಬೆರಳಿಗೆ ಬಟ್ಟೆ ಸುತ್ತಿ, ಮಗುವಿನ ಹುಣ್ಣಿನ ಮೇಲೆ ಉಜ್ಜುವುದು. ನನ್ನ ಕಣ್ಣಮುಂದೆ ಒಂದು ಚಿತ್ರ ಬಂದು ಕೂತಿತು. ಹೊಲಸು ಉಗುರು, ಹೊಲಸು ಬಟ್ಟೆ, ತಂಬಾಕು ತಿನ್ನುವ ಮುದುಕಿ. ಆ ಚಿತ್ರ ಬಂದ ಮೇಲೆ ನಾನು ಬಾಯಿಯನ್ನು ನೋಡುವುದನ್ನು ಬಿಟ್ಟೆ. ಪಟಕದಿಂದ ಸುಟ್ಟ ಗಾಯ ಎಂದು ಚೀಟಿಯಲ್ಲಿ ಬರೆದೆ. ಮಗುವಿಗೆ ಜ್ವರವಿತ್ತು. ಸುಟ್ಟ ಗಾಯಕ್ಕೆ ಜ್ವರ ಯಾಕೆ ಬರಬೇಕು ಎಂದು ಮನಸ್ಸಿನ ಮೂಲೆಯಲ್ಲಿ ಯಾರೋ ಕೇಳಿದರು. ಹೊಲಸು ಬೆರಳಿನಿಂದ ನಂಜಾಗಿದೆ ಎಂದು ಅವರ ಬಾಯಿ ಮುಚ್ಚಿಸಿದೆ. ಉರಿ, ಬಾವು ಇಳಿಯಲಿ ಎಂದು ಹುಣ್ಣಿಗೆ ಹಚ್ಚುವ ಸ್ಟೆರಾಯ್ಡ್ ಮುಲಾಮು ಬರೆದುಕೊಟ್ಟೆ. ಸುಟ್ಟ ಗಾಯವಾಗಿದ್ದರೆ ಅದು ನಡೆಯುತ್ತಿತ್ತು. ವೈರಸ್ ಆಗಿದ್ದರೆ ಅದು ಬೇಲಿ ಕಿತ್ತು ದನ ಬಿಟ್ಟಂತೆ.

ಜೊತೆಗೆ ಆ ತಾಯಿಯನ್ನು ಹೊರಗೆ ಕೂತಿದ್ದ ಹತ್ತು ಹೆಂಗಸರಿಗೆ ಕೇಳುವಂತೆ ಬೈದೆ. "ಅಂಗನವಾಡ್ಯಾಗ ಕೆಲಸ ಮಾಡಾಕಿ, ಊರಿಗೆ ಬುದ್ಧಿ ಹೇಳಾಕಿ, ನಿನ್ನ ಕೂಸಿನ ಬಾಯಾಗ ಕಂಡವರ ಬೆರಳು ಹಾಕಿಸ್ತೀ. ಹೇಸಿಕಿ ಬರಂಗಿಲ್ಲೇನು ನಿಂಗ?" ಅವಳು ತಲೆ ತಗ್ಗಿಸಿ ಮಗುವಿನ ಜೊಲ್ಲು ಒರೆಸಿದಳು.

ಮುಂದಿನ ಮೂರು ದಿನದಲ್ಲಿ ಇನ್ನೂ ಐದು ಮಕ್ಕಳು ಬಂದವು. ಎರಡು ಚಿಂಚೋಳಿ ಕಡೆಯವು, ಎರಡು ಸೇಡಂನವು, ಒಂದು ವಾಡಿ ಹತ್ತಿರದ ರಾವೂರಿನದು. ಚಿಂಚೋಳಿ ಕಡೆಯ ಎರಡೂ ಕೊಡ್ಲಿಯ ಅಜ್ಜಿಯ ಬಳಿ ಹೋಗಿ ಬಂದಿದ್ದವು. ನನಗೆ ಅಷ್ಟು ಸಾಕಾಯಿತು. ರಾವೂರಿನ ಹುಡುಗನ ಅಜ್ಜಿಯನ್ನು, ಕೊಡ್ಲಿಯ ಮುದುಕಿಯ ಬಳಿ ಯಾವಾಗ ಹೋಗಿದ್ರಿ ಎಂದು ಕೇಳಿದೆ.

"ಕೊಡ್ಲಿ ಯಾವ ದಿಕ್ಕಿಗದ ಅನ್ನೂದು ಸೈತ ನಂಗ ಗೊತ್ತಿಲ್ರಿ. ನಾವು ಕಲ್ಲಿನ ಖಣಿ ಮಂದಿ, ರಾವೂರ ಬಿಟ್ಟು ಎಲ್ಲಿಗಿ ಹೋಗೋಣ್ರಿ?"

"ಸುಳ್ಳು ಹೇಳಬ್ಯಾಡ್ರಿ" ಎಂದೆ. ಅದೂ ಎಲ್ಲರ ಮುಂದೆಯೇ. ಆರಕ್ಕೆ ಆರೂ ಮಕ್ಕಳಿಗೆ ಅದೇ ಮುಲಾಮು ಬರೆದೆ.

ನಾಲ್ಕನೇ ದಿನ ಬೆಳಿಗ್ಗೆ ಕೊಡ್ಲಿಯ ತಾಯಿ ಮತ್ತೆ ಬಂದಳು. ಮಗು ಬಾಡಿದ ಸೊಪ್ಪಾಗಿತ್ತು. ಕಣ್ಣು ಗುಳಿಬಿದ್ದಿವೆ, ಅಳುತ್ತದೆ, ಕಣ್ಣೀರಿಲ್ಲ. ನಿನ್ನೆಯಿಂದ ಉಚ್ಚೆ ಹೊಯ್ದಿಲ್ಲ.

"ಎದಿ ಹಾಲ ಸೈತ ಒಲ್ಲಂತದ್ರಿ. ಚಮಚದಾಗ ನೀರು ಹಾಕಾಕತ್ತೀನಿ, ಉಗುಳತದ. ಮುಲಾಮ ಹಚ್ಚಿದ ಮ್ಯಾಲೆ ಭಾಳ ಜಾಸ್ತಿ ಆಗ್ಯದ್ರಿ ಮೇಡಂ."

"ಮತ್ತ ಆ ಮುದುಕಿ ಹತ್ರ ಹೋಗಿದ್ದಿ?"

"ಕೂಸಿನ ಆಣಿ, ಇಲ್ರಿ."

ಸಿಸ್ಟರ್ ಮಗುವಿನ ಕೈಯಲ್ಲಿ ನರ ಹುಡುಕಿದಳು, ಮೂರನೇ ಸಲಕ್ಕೆ ಸಿಕ್ಕಿತು. ಸಲೈನ್ ಏರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಮಗು ತಾಯಿಯ ಸೀರೆ ಒದ್ದೆ ಮಾಡಿತು. ಆ ಉಚ್ಚೆಯನ್ನು ನೋಡಿ ನಾವು ಮೂವರೂ ಖುಷಿಪಟ್ಟೆವು. ಮಗುವಿನ ಬಲಗಣ್ಣು ಸ್ವಲ್ಪ ಕೆಂಪಗಿತ್ತು. ಅತ್ತು ಅತ್ತು ಕೆಂಪಾಗಿದೆ ಎಂದುಕೊಂಡೆ. ನನ್ನ ತಲೆ ಪೂರ್ತಿ ಆ ಮುದುಕಿಯ ಮೇಲೆ ಇತ್ತು. ಇವತ್ತು ಅವಳ ಕಟ್ಟೆಗೇ ಹೋಗಿ, ಊರವರ ಮುಂದೆ ಅವಳ ಕೈ ಹಿಡಿದು ತೋರಿಸಿ, ಈ ಧಂದೆ ನಿಲ್ಲಿಸುತ್ತೇನೆ ಎಂದು ತೀರ್ಮಾನಿಸಿದೆ. ಅವಳ ಬೆರಳಿನಲ್ಲೇ ಏನೋ ಕೊಳೆತಿದೆ ಎಂದು ನನಗೆ ಖಾತ್ರಿಯಾಗಿತ್ತು. ಮಧ್ಯಾಹ್ನದ ಕ್ಲಿನಿಕ್ ಮುಚ್ಚಿ, ತಾಯಿ ಮಗುವನ್ನು ಊರಿಗೆ ಬಿಟ್ಟಂತೆಯೂ ಆಯಿತು ಎಂದು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಸಿಮೆಂಟಿನ ಬೂದಿ ಕೂತ ಬೇವಿನ ಮರಗಳು ದಾಟಿ, ಕೊಯ್ದ ತೊಗರಿ ಹೊಲಗಳು ಬಂದವು. ದಾರಿಯುದ್ದಕ್ಕೂ ಮುದುಕಿಗೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದೆ.

ಅಜ್ಜಿ ತನ್ನ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಬಾಯಲ್ಲಿ ಎಲೆಅಡಿಕೆ ತಂಬಾಕು, ಪಕ್ಕದಲ್ಲಿ ಒಂದು ತಗಡಿನ ಡಬ್ಬಿ. ನಾನು ಮೆಟ್ಟಿಲು ಹತ್ತುವಷ್ಟರಲ್ಲೇ ಆ ಡಬ್ಬಿಯೊಳಗೆ ಪಿಚಕ್ಕನೆ ಉಗುಳಿದಳು. ಡಬ್ಬಿಯ ಅಂಚಿನ ತುಂಬ ಒಣಗಿದ ಕೆಂಪು, ಅದರ ಮೇಲೆ ನೊಣ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಅವಳು ನೋಡಲಿ ಎಂದೇ.

"ಬರ್ರಿ, ಕುಂದ್ರಿ" ಎಂದಳು.

"ಕುಂದ್ರಾಕ ಬಂದಿಲ್ಲ. ನಿಮ್ಮ ಕೈ ತೋರಸ್ರಿ."

ಅಕ್ಕಪಕ್ಕದ ಹೆಂಗಸರು ಸೇರಿದರು. ಅಜ್ಜಿಗೆ ಸಿಟ್ಟು ಬರಲಿಲ್ಲ, ತಮಾಷೆ ಅನ್ನಿಸಿದಂತಿತ್ತು. ಎರಡೂ ಕೈ ಚಾಚಿ, ಅಂಗೈ ತೋರಿಸಿ, ಮಗುಚಿ ಹಿಂಗೈ ತೋರಿಸಿದಳು. ಉಗುರನ್ನು ಮಾಂಸದ ಸಮಕ್ಕೆ ಕತ್ತರಿಸಿದ್ದಳು. ಒಂದು ಗೀರಿಲ್ಲ, ಬಿರುಕಿಲ್ಲ. ನಾನು ಹತ್ತೂ ಬೆರಳು ಹಿಸುಕಿ ನೋಡಿದೆ. ಕೇಳದಿದ್ದರೂ ಅವಳು ಎದ್ದು ಒಳಗಿನಿಂದ ಒಂದು ಮುಚ್ಚಳದ ಡಬ್ಬಿ ತಂದಳು. ಹಳೇ ನೂಲಿನ ಸೀರೆಯನ್ನು ಹರಿದು, ಕುದಿಸಿ, ಒಣಗಿಸಿ ಮಡಚಿಟ್ಟ ತುಂಡುಗಳು. ಒಂದು ಮಗುವಿಗೆ ಒಂದು ತುಂಡು, ಆದ ಮೇಲೆ ಒಲೆಗೆ.

"ಬೆರಳಿಗಿ ಗಾಯ ಇದ್ರ ಬಾಯಿ ಮುಟ್ಟಂಗಿಲ್ಲವ್ವ. ನಮ್ಮತ್ತಿ ಹಾಕಿಕೊಟ್ಟ ಕಟ್ಟಳಿ. ಹ್ವಾದ ವರ್ಷ ಕುಡಗೋಲು ಹತ್ತಿತ್ತು, ಒಂದು ತಿಂಗಳ ಯಾರು ಬಂದ್ರೂ ವಾಪಸ್ ಕಳಿಸೀನಿ. ಕೇಳ್ರಿ ಇವರಿಗಿ."

ಹೆಂಗಸರು ಹೌದೆಂದು ಗೋಣು ಹಾಕಿದರು. ನಾನು ಪಟಕದ ಕಡೆ ತಿರುಗಿದೆ. ಹಸಿ ಹುಣ್ಣಿಗೆ ಪಟಕ ಉಜ್ಜಿದರೆ ಪೊರೆ ಸುಲಿಯುತ್ತದೆ, ನೋವಿಗೆ ಮಗು ನೀರು ಕುಡಿಯುವುದನ್ನು ಬಿಡುತ್ತದೆ ಎಂದು ವಿವರಿಸತೊಡಗಿದೆ. ಅದು ಸುಳ್ಳಲ್ಲ, ಇವತ್ತಿಗೂ ಅದೇ ಹೇಳುತ್ತೇನೆ. ಅಜ್ಜಿ ಕೇಳುತ್ತಿದ್ದಳು, ಆದರೆ ಅವಳ ಕಣ್ಣು ನನ್ನ ಕೈಯ ಮೇಲಿತ್ತು.

"ಅದಿರ್ಲಿ. ನೀವೂ ಬಾಯಾಗ ಬೆರಳು ಹಾಕವರೇ ಅಲ್ಲೇನ್ರಿ? ನಿಮ್ಮ ಹೆಬ್ಬೆರಳಿಗಿ ಏನಾಗ್ಯದ?"

"ಕುಕ್ಕರ್ ಸುಟ್ಟದ."

"ಬಿಚ್ಚಿ ತೋರಸ್ರಿ. ನಾ ತೋರಿಸೀನಲ್ಲ."

ಹೆಂಗಸರ ಮುಂದೆ ಇಲ್ಲವೆನ್ನಲು ಆಗಲಿಲ್ಲ. ಪಟ್ಟಿ ಬಿಚ್ಚಿದೆ. ಅಷ್ಟು ದಿನವೂ ಕೋಣೆಯೊಳಗಿನ ಬೆಳಕಿನಲ್ಲಿ, ಅವಸರದಲ್ಲಿ, ಅರ್ಧ ಮುಖ ತಿರುಗಿಸಿ ಪಟ್ಟಿ ಬದಲಿಸಿದ್ದೆ. ನನ್ನ ಗಾಯವೆಂದರೂ ನನಗೆ ಹೇಸಿಗೆಯೇ. ಈಗ ಕೊಡ್ಲಿಯ ಬಿಸಿಲಿನಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ಉಗುರಿನ ಪಕ್ಕದಲ್ಲಿ ನೆನೆಸಿದ ಸಾಬುದಾಣಿ ಕಾಳಿನಂಥ ಗುಳ್ಳೆಗಳು ಗುಂಪಾಗಿ ಕೂತಿದ್ದವು. ಕೆಲವು ಒಡೆದು ಹಳದಿ ಹಕ್ಕಳೆ ಕಟ್ಟಿದ್ದವು, ಒಂದೆರಡು ಇನ್ನೂ ಜಿನುಗುತ್ತಿದ್ದವು. ಸುತ್ತ ಕೆಂಪು. ಉಗಿ ಸುಟ್ಟರೆ ಒಂದು ದೊಡ್ಡ ಬೊಬ್ಬೆ ಬರುತ್ತದೆ, ಹೀಗೆ ಕಾಳುಕಾಳಾಗಿ ಬರುವುದಿಲ್ಲ. ಇದು ಹರ್ಪಿಸ್. ಬರಿಗೈಯಲ್ಲಿ ಬಾಯಿ ಮುಟ್ಟುವ ಡಾಕ್ಟರುಗಳಿಗೆ, ನರ್ಸುಗಳಿಗೆ ಬೆರಳಿಗೆ ಬರುವ ಹರ್ಪಿಸ್. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದಾಗ ಚಿತ್ರ ಸಮೇತ ಬರೆದಿದ್ದೆ.

ಗುಮಾಸ್ತರ ಮಗನ ಹಲ್ಲು ನೆನಪಾಯಿತು. ಅಲ್ಲಿಂದ ಮುಂದಿನದೆಲ್ಲ ಬೇಡವೆಂದರೂ ತಾನಾಗಿ ಜೋಡಿಸಿಕೊಂಡಿತು. ಕೊಡ್ಲಿಯ ಮಗು ಕೆಮ್ಮಿಗೆ ಬಂದಾಗ ನಾನು ಈ ಬೆರಳಿನಿಂದ ಅದರ ತುಟಿ ಎತ್ತಿದ್ದೆ. ರಾವೂರಿನ ಹುಡುಗ ಭೇದಿಗೆ ಬಂದಿದ್ದ, ನಾಲಿಗೆ ಒಣಗಿದೆಯೇ ಎಂದು ಬಾಯಿ ತೆರೆಸಿದ್ದೆ. ಉಳಿದ ನಾಲ್ಕೂ ಒಂದಲ್ಲ ಒಂದು ಕಾರಣಕ್ಕೆ ವಾರದ ಕೆಳಗೆ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದವು. ಹುಣ್ಣು ಬಂದ ಮೇಲೆ ಮೂರು ಮಕ್ಕಳು ಅಜ್ಜಿಯ ಬಳಿ ಹೋದವು. ಹುಣ್ಣು ಬರುವ ಮೊದಲು ಆರೂ ನನ್ನ ಬಳಿ ಬಂದಿದ್ದವು. ಪ್ರತಿಯೊಂದು ಬಾಯಿ ನೋಡಿದ ಮೇಲೂ ಮೊಣಕೈವರೆಗೆ ತೊಳೆದು, ಆ ಒದ್ದೆ ಪಟ್ಟಿಯ ಬೆರಳನ್ನು ಮುಂದಿನ ಬಾಯಿಗೆ ಇಟ್ಟಿದ್ದೆ. ಮೈಲಿಗೆ ಎಂಬುದು ಮಗುವಿನ ಬಾಯಿಂದ ನನ್ನ ಕೈಗೆ ಬರುವ ವಸ್ತು, ನನ್ನ ಕೈಯಿಂದ ಹೋಗುವ ವಸ್ತುವಲ್ಲ ಎಂದು ನಾನು ಯಾವತ್ತೂ ಯೋಚಿಸದೆಯೇ ನಂಬಿದ್ದೆ. ಎಂ.ಡಿ. ಮಾಡಿದರೂ ಆ ಹುಳಿಯ ಪಾತ್ರೆ ನನ್ನ ತಲೆಯಿಂದ ಇಳಿದಿರಲಿಲ್ಲ.

ಆಗಲೇ ಮಗು ತಾಯಿಯ ತೊಡೆಯ ಮೇಲೆ ನರಳಿ, ಜೊಲ್ಲಾದ ಮುಷ್ಟಿಯಿಂದ ಬಲಗಣ್ಣು ಉಜ್ಜಿಕೊಂಡಿತು. ಬಗ್ಗಿ ನೋಡಿದೆ. ಕೆಳರೆಪ್ಪೆಯ ಅಂಚಿನಲ್ಲಿ ಎರಡು ಗುಳ್ಳೆ. ನನ್ನ ಬೆರಳಿನ ಮೇಲಿದ್ದಂಥವೇ. ಬೆಳಿಗ್ಗೆಯ ಕೆಂಪು ಅಳುವಿನದಾಗಿರಲಿಲ್ಲ. ಈ ವೈರಸ್ ಕಣ್ಣಿನ ಕರಿಗುಡ್ಡೆಗೆ ಇಳಿದರೆ ದೃಷ್ಟಿ ಹೋಗಬಹುದು. ಅದರ ಮೇಲೆ ನಾಲ್ಕು ದಿನ ಆ ಮಗುವಿನ ಬಾಯಿಗೆ, ಬಾಯಿಂದ ಮುಷ್ಟಿಗೆ, ಮುಷ್ಟಿಯಿಂದ ಕಣ್ಣಿಗೆ ನಾನು ಕೊಟ್ಟ ಸ್ಟೆರಾಯ್ಡ್ ಹೋಗಿತ್ತು.

ಒಂದು ವಿಷಯವನ್ನು ಮುಚ್ಚಿಡದೆ ಬರೆಯಬೇಕು. ಆ ಅರ್ಧ ನಿಮಿಷದಲ್ಲಿ ನನಗೆ ಇನ್ನೊಂದು ದಾರಿಯೂ ಕಂಡಿತು. ಕಣ್ಣಿಗೆ ನಂಜು ಏರಿದೆ, ಕಲಬುರಗಿಗೆ ಹೋಗಬೇಕು ಎಂದಷ್ಟೇ ಹೇಳಿದರೆ ಸಾಕಿತ್ತು. ಅಲ್ಲಿದ್ದ ಯಾರಿಗೂ ಆ ಗುಳ್ಳೆಯ ಹೆಸರು ಗೊತ್ತಿರಲಿಲ್ಲ. ತಪ್ಪನ್ನು ಪಟಕದ ಮೇಲೆ ಹಾಕಿದರೆ ಊರೇ ನಂಬುತ್ತಿತ್ತು, ಅಜ್ಜಿಯೂ ಬಹುಶಃ ನಂಬುತ್ತಿದ್ದಳು. ನಾನು ಪಟ್ಟಿಯನ್ನು ಮತ್ತೆ ಬೆರಳಿಗೆ ಸುತ್ತತೊಡಗಿದ್ದೆ ಕೂಡ. ಆ ಒದ್ದೆ, ಕೊಳಕು ಪಟ್ಟಿ ಬೆರಳಿಗೆ ಅಂಟಿದಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ತಗಡಿನ ಡಬ್ಬಿ ನೋಡಿ ಆದದ್ದಕ್ಕಿಂತ ಹೆಚ್ಚು. ಪಟ್ಟಿ ಕಿತ್ತು ಅಜ್ಜಿಯ ಒಲೆಗೆ ಹಾಕಿದೆ.

ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ: "ಇದು ಪಟಕದಿಂದ ಆಗಿದ್ದಲ್ಲ. ನನ್ನ ಬೆರಳಿಂದ ಆಗ್ಯದ. ಹಿಂದಿನ ವಾರ ನೀ ಕೆಮ್ಮಿಗಿ ಬಂದಾಗ ನಾ ಮುಟ್ಟೀನಲ್ಲ, ಆವಾಗ ಹತ್ಯದ. ನಾ ಕೊಟ್ಟ ಮುಲಾಮನೂ ತಪ್ಪು. ಈಗ ಕಣ್ಣಿಗಿ ಹೋಗ್ಯದ."

ಅವಳು ನನ್ನ ಬೆರಳನ್ನೂ ಮಗುವಿನ ರೆಪ್ಪೆಯನ್ನೂ ಎರಡೆರಡು ಸಲ ನೋಡಿದಳು.

"ಕಣ್ಣು ಹೋಗ್ತದೇನ್ರಿ?"

"ಇವತ್ತೇ ಕಲಬುರಗಿಗಿ ಹ್ವಾದ್ರ ಉಳೀತದ ಅಂತ ನನಗನಸ್ತದ. ಖಾತ್ರಿ ಹೇಳಂಗಿಲ್ಲ."

"ಹಂಗಾದ್ರ ನಡ್ರಿ. ಬೈಯೂದು ಆಮ್ಯಾಲೆ ಬೈತೀನಿ."

ಸಂಜೆಗೆ ಮುಂಚೆ ಕಲಬುರಗಿ ತಲುಪಿದೆವು. ದಾರಿಯಲ್ಲೇ ಔಷಧದಂಗಡಿಯಲ್ಲಿ ವೈರಸ್ಸಿನ ಸಿರಪ್ ಕೊಂಡು ತೂಕಕ್ಕೆ ಸರಿಯಾಗಿ ಮೊದಲ ಗುಟುಕು ಕುಡಿಸಿದೆ. ಕುಡಿಸಿದವಳು ತಾಯಿ, ನಾನು ಮಗುವನ್ನು ಮುಟ್ಟಲಿಲ್ಲ. ಕಣ್ಣಿನ ಡಾಕ್ಟರರು ನನಗಿಂತ ಹಿರಿಯರು, ಮಾತು ಕಡಿಮೆ. ಕಣ್ಣಿಗೆ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟರು. ಕರಿಗುಡ್ಡೆಯ ಅಂಚಿನಲ್ಲಿ ಹಸಿರು ಗೆರೆಯೊಂದು ಹೊಳೆಯಿತು, ಒಣಗಿದ ಜಾಲಿ ಕಡ್ಡಿಯಂತೆ ಕವಲೊಡೆದು. ನಡುವಿನ ಪಾಪೆಗೆ ಇನ್ನೂ ತಲುಪಿರಲಿಲ್ಲ.

"ಮುಲಾಮ ಯಾರು ಕೊಟ್ಟಾರ?" ಎಂದು ಚೀಟಿ ನೋಡುತ್ತ ಕೇಳಿದರು.

"ನಾನೇ ಸರ್." ಬೆರಳು ತೋರಿಸಿದೆ.

ಅವರು ಕನ್ನಡಕದ ಮೇಲಿಂದ ಬೆರಳು ನೋಡಿದರು, ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಗ್ಲೌಸಿನ ಡಬ್ಬಿಯನ್ನು ನನ್ನ ಕಡೆಗೆ ನೂಕಿ, ದಿನಕ್ಕೆ ಐದು ಸಲ ಹಾಕುವ ಕಣ್ಣಿನ ಮುಲಾಮು ಬರೆದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಮರುದಿನ ಸಿಸ್ಟರ್ ಮತ್ತು ನಾನು ಕ್ಲಿನಿಕ್ಕಿನ ರೋಗಿಗಳ ಪುಸ್ತಕ ತೆರೆದು, ಬೆರಳಿಗೆ ಗುಳ್ಳೆ ಎದ್ದ ದಿನದಿಂದ ನಾನು ಮುಟ್ಟಿದ ಎಲ್ಲ ಮಕ್ಕಳ ಮನೆಗೂ ಒಂದೊಂದಾಗಿ ಫೋನ್ ಮಾಡಿದೆವು. ಹುಣ್ಣು ಇದ್ದವರಿಗೆ ಮುಲಾಮು ನಿಲ್ಲಿಸಲು ಹೇಳಿದೆವು. ಇಲ್ಲದವರಿಗೆ ಜ್ವರ ಬಂದ ದಿನವೇ ತಿಳಿಸಲು ಹೇಳಿದೆವು. ಹಾಗೆ ಇನ್ನೂ ಎರಡು ಮಕ್ಕಳು ಸಿಕ್ಕವು, ಅವಕ್ಕೆ ಔಷಧ ಹೊತ್ತಿಗೆ ಸರಿಯಾಗಿ ಬಿತ್ತು. ಕಾರಣವನ್ನು ಪ್ರತಿ ಮನೆಗೂ ನಾನೇ ಹೇಳಿದೆ. ಒಬ್ಬ ತಂದೆ ನೇರವಾಗಿ ಬಂದು ಮೇಜು ಗುದ್ದಿ, ನಾನು ಇಲ್ಲಿ ಬರೆಯಲಾಗದ ಮಾತುಗಳನ್ನು ಆಡಿ ಹೋದ. ರಾವೂರಿನ ಅಜ್ಜಿ ಫೋನಿನಲ್ಲಿ ಕೊನೆಯವರೆಗೂ ಕೇಳಿಸಿಕೊಂಡಳು.

"ಖರೇ ಹೇಳಿದ್ರಿ, ಚಲೋ ಆತು. ಆದ್ರ ನನಗ ಸುಳ್ಳಿ ಅಂದ್ರಲ್ಲ, ಎಲ್ಲರ ಮುಂದ ಅಂದ್ರಿ. ಇದನ್ನ ಫೋನಿನಾಗ ಹೇಳಾಕತ್ತೀರಿ."

ಮಾರನೇ ದಿನ ರಾವೂರಿಗೆ ಹೋಗಿ, ಅವರ ಓಣಿಯಲ್ಲಿ ನಿಂತು, ನಾಲ್ಕು ಮಂದಿಯ ಮುಂದೆ ಆ ಮಾತು ವಾಪಸ್ ತೆಗೆದುಕೊಂಡೆ. ಆಕೆ ಚಹ ಕೊಟ್ಟಳು. ಕೊಡ್ಲಿಯ ಅಜ್ಜಿಗೂ ಹಾಗೆಯೇ ಹೇಳಿದೆ. ಪಟಕ ಬಿಡಿ ಎಂದು ಮತ್ತೊಮ್ಮೆ ಕೇಳಿಕೊಂಡೆ. "ನೋಡೂಣು" ಎಂದು ಡಬ್ಬಿಗೆ ಉಗುಳಿದಳು.

ಬೆರಳು ಪೂರ್ತಿ ಮಾಯುವವರೆಗೆ ಕ್ಲಿನಿಕ್ ಮುಚ್ಚಿದೆ. ಬಾಗಿಲಿಗೆ ಹಚ್ಚಲು "ಕಾರಣಾಂತರಗಳಿಂದ" ಎಂದು ಬರೆಯೋಣವೇ ಎಂದು ಸಿಸ್ಟರ್ ಕೇಳಿದಳು, ನನ್ನ ಮರ್ಯಾದೆ ಉಳಿಯಲಿ ಎಂದೇ. ನಾನು "ಡಾಕ್ಟರ ಕೈಗೆ ಅಂಟುರೋಗ ತಗುಲಿದೆ, ಮಾಯುವವರೆಗೆ ಮಕ್ಕಳನ್ನು ನೋಡುವುದಿಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಬಸ್ ಸ್ಟ್ಯಾಂಡಿಗೆ ಹೋಗುವವರು ನಿಂತು ಓದಿ ಹೋಗುತ್ತಿದ್ದರು. ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಕೆಲವರು ಓದಿ ಮುಖ ಕಿವುಚುತ್ತಿದ್ದರು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಇಪ್ಪತ್ತು ವರ್ಷ ಬೇರೆಯವರಿಗೆ ನಾನೇ ಮಾಡಿದ ಮುಖ.

ಕೊಡ್ಲಿಯ ತಾಯಿಗೆ ದಿನವೂ ಫೋನ್ ಮಾಡುತ್ತಿದ್ದೆ. ಅವಳು ಮಾತು ಬೆಳೆಸುತ್ತಿರಲಿಲ್ಲ. "ಇವತ್ತು ತಣ್ಣನ ಹಾಲು ಕುಡದಳು", "ಇವತ್ತು ಬಾಳಿಹಣ್ಣು ನುಂಗಿದಳು", ಅಷ್ಟೇ, ಫೋನ್ ಇಡುತ್ತಿದ್ದಳು. ಬಾಯಿ ಎರಡನೇ ವಾರಕ್ಕೆ ಮಾಯಿತು. ಕಣ್ಣಿನ ಹಸಿರು ಗೆರೆ ಹನ್ನೆರಡನೇ ದಿನ ಮುಚ್ಚಿತು. ದೃಷ್ಟಿ ಉಳಿಯಿತು. ಕರಿಗುಡ್ಡೆಯ ಅಂಚಿನಲ್ಲಿ ಮಂಜಿನಂಥ ಒಂದು ಚುಕ್ಕೆ ಮಾತ್ರ ನಿಂತಿದೆ, ಹತ್ತಿರದಿಂದ ನೋಡಿದರೆ ಕಾಣುತ್ತದೆ. ಈ ವೈರಸ್ ಒಮ್ಮೆ ಮೈ ಸೇರಿದರೆ ಬಿಟ್ಟು ಹೋಗುವುದಿಲ್ಲ, ಮುಂದೆ ಎಂದಾದರೂ ಕಣ್ಣು ಕೆಂಪಾದರೆ ಒಂದು ದಿನವೂ ತಡಮಾಡಬಾರದು ಎಂದು ಅವಳಿಗೆ ಹೇಳಬೇಕಾಯಿತು. ಅದನ್ನು ಹೇಳುವುದು ಅಜ್ಜಿಯ ಕಟ್ಟೆಯ ಮೇಲೆ ತಪ್ಪು ಒಪ್ಪಿಕೊಂಡದ್ದಕ್ಕಿಂತ ಕಷ್ಟವಾಯಿತು.

ಕ್ಲಿನಿಕ್ ತೆರೆದ ದಿನ ನಾಲ್ಕೇ ಮಂದಿ ಇದ್ದರು. ಎರಡನೆಯವಳು ಅವಳೇ, ಮಗುವಿಗೆ ಮತ್ತೆ ಕೆಮ್ಮು. ನಾನು ಮೊದಲು ಕೈ ತೊಳೆದೆ, ಗ್ಲೌಸ್ ಹಾಕಿಕೊಂಡೆ, ಕುರ್ಚಿ ಎಳೆದು ಮೊಣಕಾಲು ಮುಂದೆ ಮಾಡಿದೆ. ಅವಳು ನಿಂತೇ ಇದ್ದಳು.

"ಮೊದಲ ಕೈ ತೋರಸ್ರಿ."

"ಗ್ಲೌಸ್ ಹಾಕೀನಲ್ಲ."

"ಅದನ್ನ ತಗದು ತೋರಸ್ರಿ."

ಗ್ಲೌಸ್ ಕಳಚಿ ಎರಡೂ ಕೈ ಚಾಚಿದೆ, ಅಂಗೈ, ಆಮೇಲೆ ಹಿಂಗೈ. ಅವಳು ಮಗುವನ್ನು ಸೊಂಟಕ್ಕೆ ಸರಿಸಿಕೊಂಡು, ಒಂದೊಂದೇ ಬೆರಳನ್ನು ಹಿಡಿದು, ಟ್ಯೂಬ್‌ಲೈಟಿನ ಕಡೆ ತಿರುಗಿಸಿ, ಅಕ್ಕಿಯಲ್ಲಿ ಹರಳು ಹುಡುಕುವವರಂತೆ ಅವಸರವಿಲ್ಲದೆ ನೋಡಿದಳು. ಹೆಬ್ಬೆರಳಿನ ಪಕ್ಕದ ಹೊಸ ಗುಲಾಬಿ ಚರ್ಮವನ್ನು ಉಗುರಿನಿಂದ ಒತ್ತಿದಳು.

"ನೋಯತದೇನ್ರಿ?"

"ಇಲ್ಲ" ಎಂದೆ.

"ನೀ ಬೈಯೂದು ಬಾಕಿ ಇತ್ತಲ್ಲ" ಎಂದು ನಾನೇ ಕೇಳಿದೆ, ತಡೆಯಲಾಗದೆ.

ಅವಳು ನನ್ನ ಎಡಗೈಯನ್ನು ಬಿಡದೆ, ಹಾಗೇ ಹಿಡಿದು, ನನ್ನನ್ನು ನೀರಿನ ನಲ್ಲಿಯ ಬಳಿಗೆ ಕರೆದೊಯ್ದು ನಲ್ಲಿ ತಿರುಗಿಸಿದಳು.

"ನಾ ಮುಟ್ಟೀನಿ, ಮತ್ತ ತೊಳ್ಕೋರಿ" ಎಂದಳು. ತೊಳೆದುಕೊಂಡು, ಹೊಸ ಗ್ಲೌಸ್ ಹಾಕಿಕೊಂಡು ಬಂದು ಕೂತೆ. ಆಗ ಅವಳು ಎದುರು ಕೂತು, ಮಗುವಿನ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು.